ಬೆಟ್ಟ ಹತ್ತದ ತುಪ್ಪ

ನೀಲಾ, ನಾನು ಆ ವರ್ಷ ಶಬರಿಮಲೆಗೆ ಹೋಗಲೇ ಇಲ್ಲ.

ಇಷ್ಟೇ ವಿಷಯ. ಒಂದು ಸಾಲು. ಇದನ್ನು ಬರೆಯಲು ನನಗೆ ನಿನ್ನ ಇಡೀ ಬಾಲ್ಯ ಬೇಕಾಯಿತು. ನಿನಗಾಗ ನಾಲ್ಕು ವರ್ಷ. ಕಪ್ಪು ಪಂಚೆ ಉಟ್ಟು, ತಲೆಯ ಮೇಲೆ ಇರುಮುಡಿ ಹೊತ್ತು, ಯಶವಂತಪುರದ ನಮ್ಮ ವಠಾರದವರೆಲ್ಲ ಶರಣು ಕೂಗುತ್ತಿರಲು ಮನೆ ಬಿಟ್ಟವನು ಕೊಚ್ಚಿಗೆ ಹೋದೆ. ಸಮುದ್ರ ನೋಡಲು, ಕುಡಿಯಲು, ಊರು ಸುತ್ತಲು ಹೋದೆ. ವಾಪಸು ಬಂದು ನಿನ್ನ ಅವ್ವನ ಕೈಗೆ ತುಪ್ಪ ಕೊಟ್ಟು ಸ್ವಾಮಿಯ ಪ್ರಸಾದ ಎಂದೆ. ಆ ತುಪ್ಪದ ನಂಬಿಕೆಯಲ್ಲೇ ನಿನ್ನ ಕಿವಿಯ ಚಿಕಿತ್ಸೆ ಎರಡು ವರ್ಷ ತಡವಾಯಿತು. ತಡ ಮಾಡಿದವಳು ಅವ್ವ ಎಂದು ನೀನು ತಿಳಿದಿದ್ದೀಯ. ಅವಳೂ ಹಾಗೆಯೇ ತಿಳಿದಿದ್ದಾಳೆ. ಇಬ್ಬರಿಗೂ ಹಾಗೆ ತಿಳಿಯಲು ಬಿಟ್ಟವನು ನಾನು.

ಇನ್ನು ಮುಂದಿನದನ್ನು ಒಂದೊಂದಾಗಿ ಹೇಳುತ್ತೇನೆ. ಮಧ್ಯದಲ್ಲಿ ಎಲ್ಲಾದರೂ ನನ್ನನ್ನು ನಾನೇ ಸಮರ್ಥಿಸಿಕೊಳ್ಳುವಂತೆ ಕಂಡರೆ ಆ ಮಾತನ್ನು ನಂಬಬೇಡ.

ನಾವು ಗದಗಿನ ಕಡೆಯವರು. ನಮ್ಮ ಊರಲ್ಲಿ ಅಯ್ಯಪ್ಪನ ಮಾಲೆ, ಕಪ್ಪು ಬಟ್ಟೆ ಇವನ್ನೆಲ್ಲ ಯಾರೂ ಕಂಡಿರಲಿಲ್ಲ. ಕಾರ್ಖಾನೆಯ ಕೆಲಸ ಸಿಕ್ಕಿ ಯಶವಂತಪುರಕ್ಕೆ ಬಂದ ಮೇಲೆಯೇ ನೋಡಿದ್ದು. ವಠಾರದ ಎದುರು ಮನೆಯ ಮಾಣಿಕ್ಯಂ ಅವರು ಪ್ರತಿ ವರ್ಷ ಹೋಗುತ್ತಿದ್ದರು. ಹೊಸಬರನ್ನು ಕರೆದುಕೊಂಡು ಹೋಗುವ ಗುರುಸ್ವಾಮಿ ಅವರು. ಕಾರ್ತಿಕ ಬಂದರೆ ಅವರ ಮನೆ ಮುಂದೆ ಬೆಳಿಗ್ಗೆ ಬೆಳಿಗ್ಗೆ ತಣ್ಣೀರು ಸ್ನಾನ, ಭಜನೆ. ನಿನ್ನ ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಿನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು.

ನೀನು ಮಾತಾಡುತ್ತಿರಲಿಲ್ಲ. ಕೆಲವು ಮಕ್ಕಳಿಗೆ ಮಾತು ತಡ ಎಂದು ಮೊದಲು ಹೇಳಿಕೊಂಡೆವು. ನಿನ್ನ ಸೋದರಮಾವನೂ ಹಾಗೆಯೇ ಇದ್ದನಂತೆ, ಆಮೇಲೆ ಸುಮ್ಮನಿರಿಸುವುದೇ ಕಷ್ಟವಾಯಿತಂತೆ — ಹೀಗೆಲ್ಲ. ರೈಲು ಗೇಟಿನ ಹತ್ತಿರವೇ ಮನೆ, ಎಂಜಿನ್ ಸಿಳ್ಳೆ ಹಾಕಿದರೆ ಪಕ್ಕದ ಮನೆಯ ಮಕ್ಕಳು ಓಡಿ ಹೋಗುತ್ತಿದ್ದವು, ನೀನು ಗೋಡೆಯ ಇರುವೆ ಸಾಲು ನೋಡುತ್ತ ಕೂತಿರುತ್ತಿದ್ದೆ. ನಮಗೆ ಹೊಳೆಯಲಿಲ್ಲ. ಶಾಂತ ಸ್ವಭಾವದ ಮಗು ಎಂದುಕೊಂಡೆವು.

ಒಂದು ದಿನ ಅವ್ವ, "ಮಾಣಿಕ್ಯಂ ಅಣ್ಣಾರ ಸಂಗಾಟ ನೀವೂ ಹೋಗಿ ಬರ್ರಲಾ" ಎಂದಳು. "ಕೂಸಿನ ಮಾತಿಗೆ ಹರಕಿ ಹೊತ್ತೀನಿ. ನಂಗ ಆ ಬೆಟ್ಟ ಹತ್ತಾಕ ಬರಂಗಿಲ್ಲ, ಹರೇದ ಹೆಂಗಸರನ್ನ ಬಿಡಂಗಿಲ್ಲಂತ. ನನ್ನ ಪಾಲಿಂದೂ ನೀವ ಹೊರಬೇಕು."

ನಾನು ಆಗಲಿ ಎಂದೆ. ಆ ದಿನ ನನ್ನ ಮನಸ್ಸಿನಲ್ಲಿ ಕಪಟವಿರಲಿಲ್ಲ, ಇರಲಿಲ್ಲ ಎಂದೇ ನೆನಪು. ಕಪಟ ಬಂದದ್ದು ಕಾರ್ಖಾನೆಯಲ್ಲಿ.

ನನ್ನ ಜೊತೆ ಸ್ಟೋರ್ಸಿನಲ್ಲಿ ಪ್ರಭಾಕರ ಎಂಬ ಹೆಬ್ಬಾಳದ ಹುಡುಗ ಇದ್ದ. ಮದುವೆಯಾಗಿರಲಿಲ್ಲ, ಮಾತಿನ ಮಲ್ಲ. ಅವನ ಚಿಕ್ಕಪ್ಪನ ಮಗ ಕೊಚ್ಚಿಯ ಬಂದರಿನಲ್ಲಿ ಕೆಲಸಕ್ಕಿದ್ದ. ಅಲ್ಲಿನ ಕಥೆಗಳನ್ನು ಪ್ರಭಾಕರ ಊಟದ ಹೊತ್ತಿನಲ್ಲಿ ಹೇಳುತ್ತಿದ್ದ: ಮೀನು ಹಿಡಿಯುವ ದೊಡ್ಡ ಚೀನೀ ಬಲೆಗಳು, ಪೋರ್ಚುಗೀಸರ ಕಾಲದ ಚರ್ಚು, ಹಡಗಿನಿಂದ ಇಳಿದವರಿಗೆಂದು ಸಂಜೆಯಾದರೆ ಬ್ಯಾಂಡು ಬಾರಿಸುವ ಹೋಟೆಲು. ನಾನು ಎರೆಮಣ್ಣಿನ ನಾಡಿನವನು. ಕೆರೆಗಿಂತ ದೊಡ್ಡ ನೀರು ಕಂಡವನಲ್ಲ. ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ.

ಸಾಲದ್ದಕ್ಕೆ ನಮ್ಮ ಮೇಲಿನವರು ರಜೆ ಎಂದರೆ ಮುಖ ಸಿಂಡರಿಸುತ್ತಿದ್ದರು. ತಾಯಿ ಸತ್ತರೂ ಎರಡು ಪ್ರಶ್ನೆ ಕೇಳುವ ಜನ. ಆದರೆ ಮಾಲೆ ಹಾಕಿದವನಿಗೆ ಮಾತ್ರ ಇಲ್ಲ ಎನ್ನುತ್ತಿರಲಿಲ್ಲ. ಗಡ್ಡ ಬಿಟ್ಟು ಬರಿಗಾಲಲ್ಲಿ ಕೆಲಸಕ್ಕೆ ಬಂದರೂ ಗದರುವವರಿಲ್ಲ. ಮೇಸ್ತ್ರಿ ಸಹ "ಸ್ವಾಮಿ" ಎಂದು ಬಹುವಚನದಲ್ಲಿ ಮಾತಾಡಿಸುತ್ತಿದ್ದ.

ನಾನು ಮಾಲೆ ಹಾಕಿದ ಸುದ್ದಿ ಕೇಳಿ ಪ್ರಭಾಕರ ತಾನೂ ಹಾಕಿಕೊಂಡು ಬಂದ. ಕ್ಯಾಂಟೀನಿನಲ್ಲಿ ಪಕ್ಕಕ್ಕೆ ಕರೆದು ಹೇಳಿದ: "ಮಗಾ, ರಜ ಸಿಕ್ಕಿದೆ, ಮನೇಲಿ ಒಪ್ಗೆ ಸಿಕ್ಕಿದೆ. ಇಂಥ ಚಾನ್ಸ್ ಇನ್ಯಾವತ್ತು ಬರುತ್ತೆ? ರೈಲು ಹೆಂಗೂ ಕೊಚ್ಚಿಗೇ ಹೋಗೋದು. ಎರಡು ದಿನ ಸಮುದ್ರ ನೋಡ್ಕೊಂಡು ಬರೋಣ. ಬೆಟ್ಟ ಎಲ್ಲೂ ಓಡೋಗಲ್ಲ, ಮುಂದಿನ ವರ್ಷ ಹತ್ತಿದ್ರಾಯ್ತು."

ಛೀ ಎನ್ನಬೇಕಿತ್ತು. ನಾನು ಕೇಳಿದ್ದು — "ಮಾಣಿಕ್ಯಂ ಅವ್ರಿಗೆ ಏನ್ ಹೇಳೋದು?" ನೋಡು, ಅಷ್ಟರಲ್ಲೇ ಒಪ್ಪಿಬಿಟ್ಟಿದ್ದೆ.

ಒಂದು ಮಾತು ಇಲ್ಲಿಯೇ ಹೇಳಿಬಿಡಬೇಕು. ಸಮುದ್ರದ ಆಸೆ ನಿಜ. ಅದರ ಕೆಳಗೆ ಇನ್ನೊಂದು ಆಸೆ ಇತ್ತು. ಮನೆಗೆ ಬಂದವರೆಲ್ಲ "ಇನ್ನೂ ಮಾತಾಡಲ್ವಾ?" ಎಂದು ಕೇಳುತ್ತಿದ್ದರು. ಅವ್ವ ದಿನವೂ ನಿನ್ನ ಮುಂದೆ ಕೂತು "ಅವ್ವ ಅನ್ನು, ಅಪ್ಪ ಅನ್ನು" ಎಂದು ಗೋಗರೆಯುತ್ತಿದ್ದಳು. ನನಗೆ ಸಾಕಾಗಿತ್ತು. ನಾಲ್ಕು ದಿನ ಮಾತು ಬಾರದ ಮಗುವಿನ ಅಪ್ಪನಲ್ಲದೆ ಇರಬೇಕು ಅನ್ನಿಸಿತ್ತು. ಇದನ್ನೂ ಬರೆಯುತ್ತೇನೆ. ನಿನ್ನಿಂದ ರಜೆ ಬೇಕಿತ್ತು, ನೀಲಾ.

ವ್ರತದ ದಿನಗಳಲ್ಲಿ ಅವ್ವ ನನ್ನನ್ನು ಸ್ವಾಮಿ ಎಂದೇ ಕರೆದಳು. ನನಗೆ ಬೇರೆ ಚಾಪೆ, ಬೇರೆ ಲೋಟ. ನನಗಿಂತ ಮೊದಲು ಎದ್ದು ಬೀದಿ ನಲ್ಲಿಯ ತಣ್ಣೀರಿನಲ್ಲಿ ಮಿಂದು ಅಡುಗೆಗೆ ಕೂರುತ್ತಿದ್ದಳು. ಡಿಸೆಂಬರಿನ ಬೆಂಗಳೂರಿನ ಚಳಿ ನಿನಗೆ ಗೊತ್ತು. ಒಂದು ಹೊತ್ತು ಉಪವಾಸ ನನಗೆ ಹೇಳಿದ್ದು, ಮಾಡಿದವಳು ಅವಳು. ನಾನು ಕಾರ್ಖಾನೆಯಲ್ಲಿ ಪ್ರಭಾಕರನ ಜೊತೆ ಬೋಂಡಾ ತಿನ್ನುತ್ತಿದ್ದೆ. ಮೇಲೆ ಬಸಪ್ಪ, ಒಳಗೆ ವಿಷಪ್ಪ ಎನ್ನುತ್ತಾರಲ್ಲ, ನಮ್ಮ ಊರಿನ ಆ ಗಾದೆಗೆ ಕಾಲು ಬಂದು ಓಡಾಡುತ್ತಿತ್ತು.

ಹೊರಡುವ ದಿನ ಮಾಣಿಕ್ಯಂ ಅವರ ಮನೆಯಲ್ಲಿ ಮುಡಿ ಕಟ್ಟಿದರು. ತೆಂಗಿನಕಾಯಿಯ ಕಣ್ಣು ಚುಚ್ಚಿ, ನೀರು ಬಸಿದು, ಒಳಗೆ ತುಪ್ಪ ತುಂಬಿ ಬಿರಡೆ ಹಾಕಿ ಮುಚ್ಚುತ್ತಾರೆ. ಆ ಕಾಯಿಯನ್ನು ಬೆಟ್ಟದ ಮೇಲೆ ಒಡೆದು ತುಪ್ಪವನ್ನು ದೇವರಿಗೆ ಅಭಿಷೇಕ ಮಾಡಿಸಿ, ಉಳಿದದ್ದನ್ನು ಮನೆಗೆ ತರಬೇಕು. ತುಪ್ಪ ಅವ್ವನೇ ಕಾಯಿಸಿದ್ದು. ಸಣ್ಣ ಚಮಚದಲ್ಲಿ ಹನಿ ಚೆಲ್ಲದಂತೆ ತುಂಬಿದಳು. ಆಮೇಲೆ ನಿನ್ನ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಒಂದು ಹಿಡಿ ಅಕ್ಕಿಯನ್ನು ಮುಡಿಗೆ ಹಾಕಿಸಿದಳು. ಅಲ್ಲಿದ್ದವರೆಲ್ಲ ಕೂಗಿದರು. ನೀನು ಎಲ್ಲರ ತೆರೆದ ಬಾಯಿಗಳನ್ನು ನೋಡಿ ನಕ್ಕೆ.

ಪ್ರಭಾಕರ ತನ್ನ ಚಿಕ್ಕಪ್ಪನ ಮಗನ ತಂಡ ಕೊಚ್ಚಿಯಿಂದ ಹೊರಡುತ್ತದೆ, ನಾವು ಅದರ ಜೊತೆ ಸೇರುತ್ತೇವೆ ಎಂದು ಹೇಳಿದ್ದ. ಮಾಣಿಕ್ಯಂ ಅವರಿಗೆ ಅದು ಅಷ್ಟು ಸರಿಬರಲಿಲ್ಲ. ಮೊದಲ ಸಲ ಹೋಗುವವನು ಗುರುವಿನ ಜೊತೆಯೇ ಹೋಗಬೇಕು ಎಂಬುದು ಅವರ ರೀತಿ. ಮುಡಿಯನ್ನು ನನ್ನ ತಲೆಯ ಮೇಲಿಡುವಾಗ ಮೆಲ್ಲಗೆ ಹೇಳಿದರು: "ಉಷಾರು ಸ್ವಾಮಿ. ತಲೆ ನಿಮ್ದು. ಮೇಲಿರೋ ಭಾರ ಮನೆಯೋರ್ದು."

ಅವ್ವ ರೈಲು ಗೇಟಿನವರೆಗೂ ಬಂದಳು.

ಕೊಚ್ಚಿ ಚೆನ್ನಾಗಿತ್ತು. ಚೆನ್ನಾಗಿರಲಿಲ್ಲ ಎಂದು ಬರೆದರೆ ಅದೂ ಒಂದು ಸುಳ್ಳಾಗುತ್ತದೆ. ಎರ್ನಾಕುಲಂನಿಂದ ದೋಣಿಯಲ್ಲಿ ದಾಟಿ ಹಳೆಯ ಕೋಟೆ ಬೀದಿಗೆ ಹೋದೆವು. ಅಗ್ಗದ ಲಾಡ್ಜಿನಲ್ಲಿ ಕೋಣೆ ಹಿಡಿದೆವು. ಕೋಣೆ ಹೊಕ್ಕವನೇ ಪ್ರಭಾಕರ ಮಾಲೆ ತೆಗೆದು ಗೋಡೆಯ ಮೊಳೆಗೆ ತಗುಲಿಸಿದ. ಯಾತ್ರೆ ಮುಗಿದ ಮೇಲೆ ಗುರುಸ್ವಾಮಿಯೇ ತೆಗೆಯಬೇಕಾದ ಮಾಲೆ ಅದು. ನಾನು ಸ್ವಲ್ಪ ಹೊತ್ತು ತಡೆದೆ, ಆಮೇಲೆ ನನ್ನದನ್ನೂ ತಗುಲಿಸಿದೆ. ಕುತ್ತಿಗೆ ಹಗುರವಾಯಿತು. ನಿಜವಾಗಿಯೂ ಹಗುರವಾಯಿತು, ಅದಕ್ಕೇ ನಾಚಿಕೆ.

ಸಮುದ್ರ ನೋಡಿ ಮೊದಲು ಹೆದರಿದೆ, ಆಮೇಲೆ ಮಂಡಿಯವರೆಗೂ ನೀರಿಗಿಳಿದು ಹುಡುಗನ ಹಾಗೆ ಕುಣಿದೆ. ಬಲೆಗಳನ್ನು ಎತ್ತುವ ಮೀನುಗಾರರ ಜೊತೆ ನಾನೂ ಹಗ್ಗ ಎಳೆದೆ. ಮಟ್ಟಂಚೇರಿಯ ಅರಮನೆಯ ಗೋಡೆಚಿತ್ರಗಳನ್ನು ನೋಡಿದೆ, ಯೆಹೂದಿಗಳ ಬೀದಿಯಲ್ಲಿ ಮೆಣಸಿನ ಘಾಟಿಗೆ ಸೀನಿದೆ. ಸಂಜೆ ಹೋಟೆಲಿನಲ್ಲಿ ಬ್ಯಾಂಡು ಕೇಳುತ್ತ ಬೀರು ಕುಡಿದೆ. ಮೀನು ತಿಂದದ್ದು ಅದೇ ಮೊದಲು.

ಮರುದಿನ ಪರದೇಶಿಗಳಿಗಾಗಿ ನಡೆಸುವ ಒಂದು ಸಣ್ಣ ಕಥಕ್ಕಳಿಗೆ ಹೋದೆವು. ಹಸಿರು ಮುಖದ ಒಬ್ಬ ನಟ ಒಂದು ಮಾತೂ ಆಡದೆ ಬರೀ ಕೈ, ಕಣ್ಣು, ಹುಬ್ಬಿನಿಂದ ಒಂದು ಇಡೀ ಕಥೆ ಹೇಳಿದ. ತಾಯಿ ಮಗುವನ್ನು ಕರೆಯುವುದು, ಮಗು ಓಡಿ ಬರುವುದು, ಎಲ್ಲವನ್ನೂ. ನನಗೆ ಕಣ್ಣಲ್ಲಿ ನೀರು ಬಂತು. ಎಂಥ ಕಲೆ ಎಂದು ಪ್ರಭಾಕರನಿಗೆ ಹೇಳಿದೆ. ಮನೆಯಲ್ಲಿ ಒಂದು ಮಗು ಆಗಲೇ ಕೈಯಿಂದ, ಕಣ್ಣಿಂದ ನನ್ನ ಜೊತೆ ಮಾತಾಡುತ್ತಿತ್ತಲ್ಲ — ನೀಲಾ, ಆ ಹೊತ್ತಿನಲ್ಲಿ ನನಗೆ ನಿನ್ನ ನೆನಪು ಬರಲಿಲ್ಲ.

ಆ ಸಂಜೆ ಕಳ್ಳಂಗಡಿಯಿಂದ ಎರಡು ಬಾಟಲಿ ತಂದು ಲಾಡ್ಜಿನ ಕೋಣೆಯಲ್ಲಿ ಕೂತೆವು. ನಂಜಿಕೊಳ್ಳಲು ಏನೂ ಇರಲಿಲ್ಲ. ಪ್ರಭಾಕರ ಮುಡಿ ಬಿಚ್ಚಿದ. "ಹೆಂಗೂ ಮನೆಗೆ ತುಪ್ಪ ತಗೊಂಡೋಗ್ಬೇಕಲ್ವಾ?" ಎಂದು ಕಾಯಿಗಳನ್ನು ಹೊಸಿಲಿಗೆ ಕುಟ್ಟಿ ಒಡೆದ. ಹೆಪ್ಪುಗಟ್ಟಿದ ತುಪ್ಪವನ್ನು ಬೆರಳಿಂದ ಕೆರೆದು ನನ್ನ ಪಾಲನ್ನು ಒಂದು ಡಬ್ಬಿಗೆ ತುಂಬಿದ. ನಾನು ಬೇಡ ಎನ್ನುವ ಹಾಗೆ ಕೈ ಎತ್ತಿದ್ದೆ, ಪೂರ್ತಿ ಎತ್ತಲಿಲ್ಲ.

"ಏನ್ ಗುರು ಮುಖ ಹಿಂಗ್ ಮಾಡ್ತೀಯಾ? ತುಪ್ಪ ತುಪ್ಪಾನೇ. ಬೆಟ್ಟ ಹತ್ತಿದ್ರೇನು, ಬಿಟ್ರೇನು?"

ಒಡೆದ ಕಾಯಿಯನ್ನು ಚೂರು ಮಾಡಿ ಕಳ್ಳಿಗೆ ನಂಜಿಕೊಂಡೆವು. ಬೆಟ್ಟದ ಮೇಲೆ ಬೆಂಕಿಗೆ ಅರ್ಪಿಸಬೇಕಾದ ಕಾಯಿ. ನಾನೂ ತಿಂದೆ. ತುಪ್ಪದ ವಾಸನೆಯ ಕೊಬ್ಬರಿ ರುಚಿಯಾಗಿತ್ತು. ನೀನು ಹಾಕಿದ ಅಕ್ಕಿಯನ್ನು ಲಾಡ್ಜಿನ ಅಡುಗೆಯವನಿಗೆ ಕೊಟ್ಟುಬಿಟ್ಟೆವು.

ವಿಭೂತಿ, ಅಪ್ಪಂ ಎಂಬ ಸಿಹಿ ಪ್ರಸಾದ ಬೇಕಿತ್ತಲ್ಲ, ಅದನ್ನು ಎರ್ನಾಕುಲಂ ಸ್ಟೇಷನ್ನಿನಲ್ಲಿ ಸಂಪಾದಿಸಿದೆವು. ಮತ್ತೆ ಮಾಲೆ ಹಾಕಿಕೊಂಡು ನಿಂತಿದ್ದಾಗ ಕೋಲಾರದ ಕಡೆಯ ಒಂದು ತಂಡ ಬೆಟ್ಟ ಇಳಿದು ಬಂದಿತ್ತು. ನಮ್ಮ ಪ್ರಸಾದದ ಚೀಲ ಕಳೆದುಹೋಯಿತು ಎಂದು ಪ್ರಭಾಕರ ಹೇಳಿದ. ಅವರಲ್ಲಿ ಒಬ್ಬ ಮುದುಕ "ಅಯ್ಯೋ ಸ್ವಾಮಿ, ಅಷ್ಟು ದೂರ ನಡ್ಕೊಂಡೋಗಿ ಇಂಗಾಯ್ತಾ" ಎಂದು ತಾನು ಕಟ್ಟಿಕೊಂಡಿದ್ದರಲ್ಲಿ ಅರ್ಧ ಬಿಚ್ಚಿ ಕೊಟ್ಟ. ಕೊಟ್ಟು, ನನ್ನ ಕಾಲು ಮುಟ್ಟಿದ. ಅವನ ಪಾದದಲ್ಲಿ ಬೊಬ್ಬೆಗಳಿದ್ದವು.

ಮನೆಗೆ ಬಂದಾಗ ಅವ್ವ ಹೊಸಿಲಿನ ಹೊರಗೇ ನನ್ನ ಕಾಲು ತೊಳೆದಳು. ವಠಾರದ ಹೆಂಗಸರೆಲ್ಲ ಸಾಲಾಗಿ ನಮಸ್ಕಾರ ಮಾಡಿದರು. ಅವ್ವ ನಿನ್ನನ್ನು ಎತ್ತಿಕೊಂಡು ಬಂದು ನಿನ್ನ ಹಣೆಯನ್ನು ನನ್ನ ಪಾದಕ್ಕೆ ಮುಟ್ಟಿಸಿದಳು. ತುಪ್ಪದ ಡಬ್ಬಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕೇಳಿದಳು: "ಅಭಿಷೇಕ ನೀವ ಕಣ್ಣಾರೆ ನೋಡಿದ್ರೇನ್ರಿ?"

"ನೋಡಿದ್ನಿ" ಎಂದೆ.

ಅವತ್ತಿನಿಂದ ದಿನಾ ಬೆಳಿಗ್ಗೆ ನಿನ್ನ ನಾಲಿಗೆಯ ಮೇಲೆ ಒಂದು ಬೊಟ್ಟು ತುಪ್ಪ.

ಕೆಲವು ತಿಂಗಳಿಗೆ ನಿನಗೆ ಜ್ವರ ಬಂದು ಕಾರ್ಖಾನೆಯ ಡಿಸ್ಪೆನ್ಸರಿಗೆ ಕರೆದೊಯ್ದೆವು. ಅಲ್ಲಿನ ಡಾಕ್ಟರಮ್ಮ ನಿನ್ನ ಬೆನ್ನ ಹಿಂದೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿದರು. ನೀನು ತಿರುಗಲಿಲ್ಲ. ಇನ್ನೊಮ್ಮೆ ತಟ್ಟಿದರು. "ಇದು ಮಾತಿನ ತೊಂದ್ರೆ ಅಲ್ಲಮ್ಮ, ಕಿವೀದು. ದೊಡ್ಡಾಸ್ಪತ್ರೇಲಿ ಬೇಗ ತೋರ್ಸಿ. ಚಿಕ್ಕ ವಯಸ್ಸಲ್ಲೇ ಕಿವಿಗೆ ಯಂತ್ರ ಹಾಕಿ ಕಲಿಸಿದ್ರೆ ಮಾತು ಬರಬಹುದು" ಎಂದರು.

ಮನೆ ಸೇರಿದ ಮೇಲೆ ಅವ್ವ ಡಬ್ಬಿಯ ಮುಚ್ಚಳ ತೆಗೆದು ನೋಡಿ ಹೇಳಿದಳು: "ಇನ್ನೂ ತುಪ್ಪ ಐತಿ. ಇದು ಮುಗೀಲ್ರಿ. ಇದನ್ನ ನಡುವ ಬಿಟ್ಟು ದವಾಖಾನಿಗೆ ಓಡಿದ್ರ ದೇವ್ರನ್ನ ನಂಬ್ಲಿಲ್ಲ ಅಂದಂಗ ಆಗ್ತತಿ. ನೀವಾ ತೆಲಿ ಮ್ಯಾಲ ಹೊತ್ತು ತಂದದ್ದಲ್ಲೇನು? ನೀವಾ ಹೇಳ್ರಿ, ಏನ್ ಮಾಡೂಣು?"

ನನ್ನನ್ನೇ ಕೇಳಿದಳು, ನೀಲಾ. ನಿರ್ಧಾರ ನನ್ನ ಕೈಗೇ ಕೊಟ್ಟಳು. ಅದು ಬರೀ ತುಪ್ಪ ಎಂದು ಈ ಲೋಕದಲ್ಲಿ ಇಬ್ಬರಿಗೆ ಗೊತ್ತಿತ್ತು, ಅವರಲ್ಲಿ ಒಬ್ಬ ಅವಳ ಎದುರಿಗೇ ನಿಂತಿದ್ದ. ಪ್ರಸಾದವೂ ಇರಲಿ ಆಸ್ಪತ್ರೆಗೂ ಹೋಗೋಣ ಎಂದಿದ್ದರೂ ಸಾಕಿತ್ತು, ಸುಳ್ಳು ಹೊರಗೆ ಬೀಳುತ್ತಿರಲಿಲ್ಲ. ಆದರೆ ಕಳ್ಳನ ಮನಸ್ಸು ಹುಳ್ಳುಳ್ಳಗೆ. ಆತುರ ತೋರಿಸಿದರೆ ಅವಳಿಗೆ ಅನುಮಾನ ಬಂದೀತು, ಹೋಗಿ ಬಂದವನಿಗೇ ನಂಬಿಕೆ ಇಲ್ಲವೇ ಎಂದಾಳು — ಹೀಗೆಲ್ಲ ಲೆಕ್ಕ ಹಾಕಿ, "ನಿನ್ನ ಇಷ್ಟ" ಎಂದುಬಿಟ್ಟೆ.

ತುಪ್ಪ ಮುಗಿಯಲೇ ಇಲ್ಲ. ಡಬ್ಬಿಯ ತಳ ಕಾಣುವ ಹೊತ್ತಿಗೆ ಅವ್ವ ಹೊಸ ತುಪ್ಪ ಕಾಯಿಸಿ ಅದಕ್ಕೆ ಬೆರೆಸುತ್ತಿದ್ದಳು; ಪ್ರಸಾದದ ಜೊತೆ ಸೇರಿದರೆ ಅದೂ ಪ್ರಸಾದವೇ ಎಂದು ಮಾಣಿಕ್ಯಂ ಅವರ ಮನೆಯಾಕೆ ಹೇಳಿದ್ದರಂತೆ. ನಾನು ಅದನ್ನು ದಿನವೂ ನೋಡಿದೆ. ಕಾರ್ಖಾನೆಗೆ ಹೋಗುವ ಮೊದಲು ನೋಡಿಯೇ ಹೋಗುತ್ತಿದ್ದೆ. ಮರುವರ್ಷ ಮತ್ತೆ ಹೋಗಿ ಬನ್ನಿ ಎಂದಾಗ ಮಂಡಿ ನೋವು ಎಂದೆ. ಪ್ರಭಾಕರ ಅಷ್ಟರಲ್ಲಿ ಕೆಲಸ ಬಿಟ್ಟು ಬೇರೆ ಕಡೆ ಹೋಗಿದ್ದ. ಅವನನ್ನು ನಾನು ದೂರುವುದಿಲ್ಲ, ಅವನ ಮನೆಯಲ್ಲಿ ಆ ತುಪ್ಪಕ್ಕೆ ಬಾಯಿ ತೆರೆಯುವ ಮಗು ಇರಲಿಲ್ಲ.

ನಿನಗೆ ಆರು ತುಂಬಿ ಶಾಲೆಯವರು ಸೇರಿಸಿಕೊಳ್ಳುವುದಿಲ್ಲ ಎಂದ ಮೇಲೆಯೇ ದೊಡ್ಡಾಸ್ಪತ್ರೆಗೆ ಹೋದದ್ದು. ಕಿವಿಯ ಡಾಕ್ಟರು ಪರೀಕ್ಷೆ ಮುಗಿಸಿ, ಇನ್ನು ಓದು ಬರಹ ಕಲಿಸಬಹುದು, ಮಾತು ಮಾತ್ರ ಕಷ್ಟ ಎಂದರು. "ಎರಡು ವರ್ಷ ಮುಂಚೆ ಯಾಕ್ರೀ ಕರ್ಕೊಂಡ್ ಬರ್ಲಿಲ್ಲ? ಆಗ ಒಂದಿಷ್ಟಾದ್ರೂ ಆಸೆ ಇತ್ತು."

ಹೊರಗಿನ ಬೆಂಚಿನಲ್ಲಿ ಅವ್ವ ತಲೆ ಚಚ್ಚಿಕೊಂಡಳು. "ನಾ ತಡಾ ಮಾಡಿದ್ನಿ. ನನ್ನ ಕೂಸಿನ ಮಾತು ನಾನಾ ನುಂಗಿದ್ನಿ."

ನಾನು ಅವಳ ಕೈ ಹಿಡಿದು, "ಹೋಗ್ಲಿ ಬಿಡು ಗಂಗಾ. ನಿನಗ ಹೆಂಗ ಗೊತ್ತಾಗ್ಬೇಕು" ಎಂದೆ.

ನಾನು ಅವಳನ್ನು ಕ್ಷಮಿಸಿದೆ. ದೊಡ್ಡ ಮನಸ್ಸಿನ ಗಂಡನಂತೆ, ಎಲ್ಲರೆದುರಿಗೆ. ಅವಳು ನನ್ನ ಭುಜಕ್ಕೆ ಒರಗಿ ಅತ್ತಳು. ಕೊಚ್ಚಿಯಲ್ಲಿ ಮಾಡಿದ್ದಕ್ಕೆ ನಾನು ಪಾಪಿ, ಸರಿ. ಆ ಬೆಂಚಿನ ಮೇಲೆ ಆಡಿದ ಮಾತಿಗೆ ನನ್ನನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು. ಅವಳು ಇವತ್ತಿಗೂ ನೆಂಟರ ಮುಂದೆ ಹೇಳುತ್ತಾಳೆ, ನಮ್ಮ ಯಜಮಾನರು ದೇವರಂಥವರು, ಒಂದು ದಿನ ಒಂದು ಮಾತು ಅಂದವರಲ್ಲ ಎಂದು.

ನೀನು ಕಿವುಡ ಮಕ್ಕಳ ಶಾಲೆ ಸೇರಿದೆ, ಓದು ಕಲಿತೆ. ನಿನಗೆ ಹದಿನೈದಾದಾಗ ಯಾರೋ ನೆಂಟರು ಹಳೆಯ ಕಥೆಯನ್ನು ನಿನಗೆ ಬರೆದು ತಿಳಿಸಿದರು. ಆ ದಿನ ನೀನು ಸ್ಲೇಟು ಹಿಡಿದು ಅಡುಗೆಮನೆಗೆ ಬಂದೆ. "ಯಾಕೆ ತಡ ಮಾಡಿದೆ?" ಎಂದು ಬರೆದಿದ್ದೆ. ಅವ್ವನಿಗೆ ಓದು ಬಾರದು. ಏನು ಬರೆದಾಳ್ರಿ ಎಂದು ನನ್ನ ಕಡೆ ತಿರುಗಿದಳು. ನಾನು ಗಟ್ಟಿಯಾಗಿ ಓದಿ ಹೇಳಿದೆ. ಓದಿ, ಸುಮ್ಮನಾದೆ. ಅವಳು ನಿನ್ನ ಮುಂದೆ ಎರಡೂ ಕೆನ್ನೆ ಬಡಿದುಕೊಂಡು ತಪ್ಪಾಯಿತು ಎಂದು ಕೈ ಮುಗಿದಳು. ನೀನು ನೋಡಿದೆ, ನಂಬಿದೆ. ಆಮೇಲೆ ನೀನು ಅವಳ ಕೈಯಿಂದ ಜಡೆ ಹಾಕಿಸಿಕೊಳ್ಳಲಿಲ್ಲ. ಈಗ ಹೊಲಿಗೆ ಕೆಲಸಕ್ಕೆ ಸೇರಿ ಹಾಸ್ಟೆಲಿನಲ್ಲಿದ್ದೀಯ. ಭಾನುವಾರ ಬಂದರೆ ನನ್ನ ಪಕ್ಕ ಕೂತು ಪೇಪರ್ ಓದುತ್ತೀಯ, ಅವಳು ತಟ್ಟೆ ಇಟ್ಟು ದೂರ ಹೋಗಿ ನಿಲ್ಲುತ್ತಾಳೆ. ನನ್ನ ಪಾಲಿಗೆ ಬಂದ ಆ ಪ್ರೀತಿ ಕದ್ದದ್ದು. ಅವಳಿಂದ ಕದ್ದದ್ದು.

ಇಷ್ಟು ಬರೆದಾಗ ಅವ್ವ ಬಂದು, "ಮುಂಜಾನಿಂದ ಏನ್ ಬರಿಯಾಕತ್ತೀರಿ?" ಎಂದಳು. ನಿನಗಿಂತ ಮೊದಲು ಅವಳಿಗೆ ಹೇಳಬೇಕು ಎಂದು ಆಗ ಅನ್ನಿಸಿತು. ಕೂರಿಸಿಕೊಂಡು ಮೊದಲಿನಿಂದ ಓದಿದೆ. ಕೊಬ್ಬರಿ ತಿಂದದ್ದನ್ನೂ, ಬೆಂಚಿನ ಮೇಲಿನ ಮಾತನ್ನೂ ಬಿಡದೆ ಓದಿದೆ. ಅವಳು ಕೂಗಾಡಲಿಲ್ಲ. ಇಷ್ಟೇ ಕೇಳಿದಳು:

"ಹಂಗಾರ ತಡಾ ಮಾಡಿದಾಕಿ ನಾ ಅಲ್ಲ?"

"ಅಲ್ಲ."

"ಅದು ನಿಮಗ ಅವತ್ತಿಂದನೂ ಗೊತ್ತಿತ್ತು?"

"ಗೊತ್ತಿತ್ತು."

ಕ್ಷಮಿಸು ಎಂದು ಕೇಳಲು ಬಾಯಿ ತೆರೆದೆ. ಅವಳು ಬೇಡ ಎಂದು ಕೈ ಅಡ್ಡ ಮಾಡಿದಳು. ಎದ್ದು ಮುಖ ತೊಳೆದು, ಬೇರೆ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ ಬಂದಳು. "ಮುಗಸ್ರಿ. ಇದನ್ನ ನೀವು ಕೊಡಬ್ಯಾಡ್ರಿ. ನಾ ಹಾಸ್ಟೆಲಿಗೆ ಹೋಗಿ ಆಕಿ ಕೈಯಾಗ ಕೊಡ್ತೀನಿ. ಆಕಿ ಓದೂತನಕ ಎದುರಿಗೆ ಕುಂದರ್ತೀನಿ" ಎಂದಳು.

ನೀಲಾ, ಅವಳು ಒಬ್ಬಳೇ ಬಸ್ಸು ಹತ್ತಿ ಅಷ್ಟು ದೂರ ಎಂದೂ ಹೋದವಳಲ್ಲ. ನಾನು ಬರಲೇ ಎಂದು ಕೇಳಲಿಲ್ಲ. ಈಗ ನನ್ನ ಮುಂದೆ ಕೈ ಚಾಚಿ ನಿಂತಿದ್ದಾಳೆ. ಓದಿ ಮುಗಿಸಿದ ಮೇಲೆ ತಲೆ ಎತ್ತಿ ಅವಳನ್ನು ನೋಡು.